ಅಬ್ರಹಾಮನ ಹೆಸರಲ್ಲಿ ಎರಡನೇ ಮದುವೆ: ಬೈಬಲ್ ನಿಜಕ್ಕೂ ಏನು ಹೇಳುತ್ತದೆ?

ಪ್ರಶ್ನೆ: ನಮಗೆ ಮದುವೆಯಾಗಿ ಎಂಟು ವರ್ಷವಾಯಿತು. ಮಕ್ಕಳಾಗಿಲ್ಲ. ಯಜಮಾನರ ಕಡೆಯ ಹಿರಿಯರೊಬ್ಬರು, ಸಭೆಯಲ್ಲಿ ಹೆಸರಿರುವವರು, ಎರಡನೇ ಮದುವೆಯ ಮಾತು ಎತ್ತಿದ್ದಾರೆ. "ಅಬ್ರಹಾಮನಿಗೆ ಹಾಗರಳು ಇರಲಿಲ್ಲವೇ? ಯಾಕೋಬನಿಗೆ ನಾಲ್ವರಿದ್ದರು. ದಾವೀದನಿಗೆ ದೇವರೇ ಹೆಂಡತಿಯರನ್ನು ಕೊಟ್ಟೆ ಅಂದಿದ್ದಾನೆ. ಬೈಬಲ್‌ನಲ್ಲಿ ಎಲ್ಲೂ ಬೇಡ ಅಂತಿಲ್ಲ" ಎನ್ನುತ್ತಾರೆ. ಯಜಮಾನರಿಗೆ ಇಷ್ಟವಿಲ್ಲ. ಆದರೆ ಏನು ಉತ್ತರ ಕೊಡಬೇಕೋ ಅವರಿಗೂ ತಿಳಿಯುತ್ತಿಲ್ಲ. ಬೈಬಲ್ ನಿಜಕ್ಕೂ ಏನು ಹೇಳುತ್ತದೆ? ಒಬ್ಬೊಬ್ಬರು ಒಂದೊಂದು ಅರ್ಥ ಹೇಳುವುದು ಯಾಕೆ? ಕಾನೂನಿನಲ್ಲಿ ಇದಕ್ಕೆ ಜಾಗ ಇದೆಯೇ?

ಉತ್ತರ: ಸಹೋದರಿ, ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳೋಣ. "ಒಬ್ಬಳು ಹೆಂಡತಿ ಇರುವಾಗ ಇನ್ನೊಬ್ಬಳನ್ನು ಮಾಡಿಕೊಳ್ಳಬೇಡ" ಎಂದು ಸಾಮಾನ್ಯ ಜನರಿಗೆ ನೇರವಾಗಿ ಹೇಳಿದ ಆಜ್ಞೆ ಹಳೆಯ ಒಡಂಬಡಿಕೆಯಲ್ಲಿ ಕಾಣುವುದಿಲ್ಲ. ಹತ್ತು ಆಜ್ಞೆಗಳಲ್ಲೂ ಇಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಹಿರಿಯರ ಮಾತು ಸರಿ. ಇದನ್ನು ಮುಚ್ಚಿಟ್ಟು ವಾದಕ್ಕೆ ಇಳಿದರೆ ನಿಮ್ಮ ಯಜಮಾನರು ಮೊದಲ ಮಾತಿಗೇ ಸೋಲುತ್ತಾರೆ. ಆದರೆ ಅಲ್ಲಿಂದ ಅವರು ಹೊರಟಿರುವ ದಾರಿ ತಪ್ಪು. ಅವರು ಹೆಸರಿಸಿದ ಒಂದೊಂದು ಮನೆಯ ಕಥೆಯನ್ನೂ ಕೊನೆಯವರೆಗೆ ಓದಿದರೆ ಅದು ಗೊತ್ತಾಗುತ್ತದೆ.

ಅರ್ಥಗಳು ಬೇರೆ ಬೇರೆಯಾಗಲು ಕಾರಣ ಇಷ್ಟೇ. ಈ ವಿಷಯ ಬೈಬಲ್‌ನಲ್ಲಿ ಒಂದೇ ಕಡೆ ಇಲ್ಲ. ಆದಿಯಲ್ಲಿ ಸೃಷ್ಟಿಯ ಮಾತಿದೆ, ಆಮೇಲೆ ಮನೆತನಗಳ ಕಥೆ, ಮೋಶೆಯ ಕಾನೂನು, ಕೊನೆಗೆ ಯೇಸು ಮತ್ತು ಪೌಲನ ಮಾತು. ಕಥೆಗಳನ್ನು ಮೊದಲು ಹಿಡಿದವರು "ಅಬ್ರಹಾಮ, ಯಾಕೋಬರಂಥ ಪಿತೃಗಳೇ ಮಾಡಿದರು" ಎನ್ನುತ್ತಾರೆ. ಕಾನೂನು ಹಿಡಿದವರು "ಮೋಶೆ ಬಿಟ್ಟುಕೊಟ್ಟ" ಎನ್ನುತ್ತಾರೆ. ಸೃಷ್ಟಿಯಿಂದ ಶುರು ಮಾಡಿದವರು "ದೇವರು ಆದಾಮನಿಗೆ ಕೊಟ್ಟದ್ದು ಒಬ್ಬಳನ್ನೇ" ಎನ್ನುತ್ತಾರೆ. ನಾನು ಓದುವಾಗ ಕೇಳಿಕೊಳ್ಳುವ ಪ್ರಶ್ನೆ ಬೇರೆ: ಆ ಮನೆಯಲ್ಲಿದ್ದ ಹೆಂಗಸರಿಗೆ ಏನಾಯಿತು? ಇದು ನಾನು ಹೊರಗಿನಿಂದ ತಂದ ಪ್ರಶ್ನೆಯಲ್ಲ. ಆ ಕಥೆಗಳನ್ನು ಬರೆದವರೇ ಇದನ್ನು ಬಿಡದೆ ಹೇಳುತ್ತಾ ಹೋಗಿದ್ದಾರೆ.

ಹಾಗರಳಿಂದಲೇ ಶುರು ಮಾಡೋಣ. ಆದಿಕಾಂಡ 16ನೇ ಅಧ್ಯಾಯ. ಕಾನಾನಿಗೆ ಬಂದು ಹತ್ತು ವರ್ಷವಾದರೂ ಸಾರಳಿಗೆ ಮಕ್ಕಳಿಲ್ಲ. ಆಕೆಯೇ ತನ್ನ ಐಗುಪ್ತದ ದಾಸಿಯನ್ನು ಗಂಡನಿಗೆ ಕೊಡುತ್ತಾಳೆ. ಇದು ಆ ಸೀಮೆಯ ವಾಡಿಕೆ. ಕ್ರಿ.ಪೂ. 18ನೇ ಶತಮಾನದ ಬಾಬಿಲೋನಿನ ಹಮ್ಮುರಾಬಿಯ ಕಾನೂನಿನಲ್ಲೂ ಇಂಥದ್ದೇ ಏರ್ಪಾಡಿದೆ. ಹಾಗೆ ಹೆತ್ತ ದಾಸಿ ಒಡತಿಗೆ ಸಮನಾಗಿ ನಡೆದುಕೊಂಡರೆ ಆಕೆಯನ್ನು ಮಾರುವಂತಿಲ್ಲ, ಆದರೆ ಮತ್ತೆ ದಾಸಿಯರ ಸಾಲಿಗೆ ಸೇರಿಸಬಹುದು ಎಂದು ಅಲ್ಲಿದೆ. ಅಂದರೆ ಈ ಜಗಳ ಎಷ್ಟು ಮಾಮೂಲಿಯಾಗಿತ್ತು ಎಂದರೆ, ಅದಕ್ಕೆ ಮೊದಲೇ ಕಾನೂನು ಬರೆದಿಟ್ಟಿದ್ದರು.

ಬೈಬಲ್‌ನ ಕಥೆಯಲ್ಲೂ ಅದೇ ಆಯಿತು. ಹಾಗರಳು ಬಸುರಾದಳು, ಸಾರಳನ್ನು ಕೀಳಾಗಿ ಕಂಡಳು. ಸಾರಳು ಗಂಡನ ಮೇಲೆ ಬಿದ್ದಳು, ನನಗಾದ ಅನ್ಯಾಯಕ್ಕೆ ನೀನೇ ಹೊಣೆ ಎಂದಳು. ಅಬ್ರಹಾಮ ಕೈ ತೊಳೆದುಕೊಂಡ. ನಿನ್ನ ದಾಸಿ ನಿನ್ನ ಕೈಯಲ್ಲಿದ್ದಾಳೆ, ಏನು ಬೇಕಾದರೂ ಮಾಡು ಎಂದ. ತನ್ನ ಮಗುವನ್ನು ಹೊತ್ತಿರುವ ಹೆಣ್ಣಿನ ಬಗ್ಗೆ ವಿಶ್ವಾಸಿಗಳ ತಂದೆ ಎನಿಸಿಕೊಂಡವನು ಆಡಿದ ಮಾತು ಇದು. ಸಾರಳು ಪೀಡಿಸಿದಳು. ಹಾಗರಳು ಅರಣ್ಯಕ್ಕೆ ಓಡಿಹೋದಳು. ಮುಂದೆ 21ನೇ ಅಧ್ಯಾಯದಲ್ಲಿ ಇಸಾಕನು ಹುಟ್ಟಿ ಎದೆಹಾಲು ಬಿಟ್ಟ ಮೇಲೆ ತಾಯಿ ಮಗ ಇಬ್ಬರನ್ನೂ ಮನೆಯಿಂದ ಕಳಿಸಲಾಯಿತು. ಕೈಗೆ ಕೊಟ್ಟದ್ದು ರೊಟ್ಟಿ ಮತ್ತು ಒಂದು ತಿತ್ತಿ ನೀರು. ಬೇರ್ಷೆಬದ ಅರಣ್ಯದಲ್ಲಿ ನೀರು ಮುಗಿದಾಗ ಆಕೆ ಮಗನನ್ನು ಪೊದೆಯ ಕೆಳಗೆ ಬಿಟ್ಟು, ಅವನು ಸಾಯುವುದನ್ನು ನೋಡಲಾರೆ ಎಂದು ದೂರ ಹೋಗಿ ಕೂತು ಅತ್ತಳು.

ನಿಮ್ಮ ಹಿರಿಯರು ಆದರ್ಶ ಎಂದು ತೋರಿಸುತ್ತಿರುವುದು ಈ ಮನೆಯನ್ನು. 16ನೇ ಅಧ್ಯಾಯದಲ್ಲಿ ಇನ್ನೊಂದು ವಿಷಯ ಗಮನಿಸಿ. ಹಾಗರಳನ್ನು ಕೊಡುವ ಮುಂಚೆ ಯಾರೂ ದೇವರನ್ನು ಕೇಳಿದ ಮಾತು ಅಲ್ಲಿಲ್ಲ. ಸಂತಾನ ಕೊಡುತ್ತೇನೆ ಎಂಬ ದೇವರ ವಾಗ್ದಾನ ಆಮೇಲೆ ಸಾರಳ ಮೂಲಕವೇ ನೆರವೇರಿತು. ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86, ಇಸಾಕ ಹುಟ್ಟಿದಾಗ 100. ಎರಡನೆಯವಳನ್ನು ತಂದದ್ದರಿಂದ ವಾಗ್ದಾನ ಒಂದು ದಿನವೂ ಮುಂದೆ ಬರಲಿಲ್ಲ. ಮತ್ತೊಂದು ಮಾತು. ಆ ಕಥೆಯಲ್ಲಿ ದೇವರು ಎರಡು ಸಲ ಹುಡುಕಿಕೊಂಡು ಹೋದದ್ದು ಹಾಗರಳನ್ನು. "ನನ್ನನ್ನು ನೋಡುವ ದೇವರು" ಎಂದು ದೇವರಿಗೆ ಹೆಸರಿಟ್ಟವಳು ಆ ಓಡಿಹೋದ ದಾಸಿ.

ಈ ಮನೆಯಲ್ಲೇ ಬೆಳೆದ ಇಸಾಕ ಏನು ಮಾಡಿದ ನೋಡಿ. ನಲವತ್ತರಲ್ಲಿ ರೆಬೆಕ್ಕಳನ್ನು ಮದುವೆಯಾದ. ಆಕೆಗೂ ಮಕ್ಕಳಾಗಲಿಲ್ಲ. ಅವಳಿ ಮಕ್ಕಳು ಹುಟ್ಟಿದಾಗ ಅವನಿಗೆ ಅರವತ್ತು. ಇಪ್ಪತ್ತು ವರ್ಷ! ಆ ಇಪ್ಪತ್ತು ವರ್ಷದಲ್ಲಿ ಅವನು ಇನ್ನೊಬ್ಬಳನ್ನು ತಂದದ್ದು ಬೈಬಲ್‌ನಲ್ಲಿ ಇಲ್ಲ. ಬಂಜೆಯಾಗಿದ್ದ ಹೆಂಡತಿಗಾಗಿ ಅವನು ಯೆಹೋವನನ್ನು ಬೇಡಿಕೊಂಡ ಎಂದು ಆದಿಕಾಂಡ 25ರಲ್ಲಿದೆ. ಮಕ್ಕಳಿಲ್ಲದ ದಂಪತಿಗೆ ಬೈಬಲ್‌ನಿಂದ ಒಂದು ಮಾದರಿ ತೋರಿಸಲೇಬೇಕು ಎಂದಾದರೆ ಅಪ್ಪನನ್ನು ತೋರಿಸಿ ಮಗನನ್ನು ಬಿಡುವುದು ಯಾಕೆ? ಹೊಸ ಒಡಂಬಡಿಕೆಯ ಜಕರೀಯ ಎಲಿಸಬೇತರೂ ಮುಪ್ಪಿನವರೆಗೆ ಇಬ್ಬರೇ ಇದ್ದರು. ಲೂಕನು ಅವರಿಬ್ಬರನ್ನೂ ನೀತಿವಂತರು ಎಂದೇ ಕರೆಯುತ್ತಾನೆ.

ಯಾಕೋಬನ ವಿಷಯ ಹೇಳಬೇಕೆಂದರೆ, ಅವನು ಕೇಳಿದ್ದು ಒಬ್ಬಳನ್ನೇ, ರಾಹೇಲಳನ್ನು. ಉಳಿದದ್ದು ಮಾವ ಲಾಬಾನನ ಮೋಸದಿಂದ ಮತ್ತು ಅಕ್ಕ ತಂಗಿಯರ ಪೈಪೋಟಿಯಿಂದ ಬಂದದ್ದು. ಮಕ್ಕಳಾಗಲು ನೆರವಾಗುತ್ತದೆ ಎಂದು ನಂಬಿದ್ದ ಒಂದು ಗಿಡದ ಹಣ್ಣು ಕೊಟ್ಟು, ಅದಕ್ಕೆ ಬದಲಾಗಿ ಒಂದು ರಾತ್ರಿ ಗಂಡನನ್ನು ಪಡೆಯುವ ಸ್ಥಿತಿಗೆ ಲೇಯಳು ಬಂದಳು. ಆಕೆ ತನ್ನ ಮಕ್ಕಳಿಗೆ ಇಟ್ಟ ಕೆಲವು ಹೆಸರುಗಳಲ್ಲಿ "ಈಗಲಾದರೂ ಗಂಡ ನನ್ನನ್ನು ಪ್ರೀತಿಸುತ್ತಾನೆ" ಎಂಬ ಆಸೆಯೇ ತುಂಬಿದೆ.

ನಿಮ್ಮ ಪತ್ರ ಓದುವಾಗ ನನಗೆ ಜಾಸ್ತಿ ನೆನಪಾದವಳು ಹನ್ನಳು. 1 ಸಮುವೇಲ ಮೊದಲನೇ ಅಧ್ಯಾಯ. ಎಲ್ಕಾನನಿಗೆ ಇಬ್ಬರು. ಪೆನಿನ್ನಳಿಗೆ ಮಕ್ಕಳಿದ್ದರು, ಹನ್ನಳಿಗಿರಲಿಲ್ಲ. ಪ್ರತಿ ವರ್ಷ ದೇವರ ಆಲಯಕ್ಕೆ ಹೋದಾಗಲೂ ಪೆನಿನ್ನಳು ಕೆಣಕುತ್ತಿದ್ದಳು, ಹನ್ನಳು ಊಟ ಬಿಟ್ಟು ಅಳುತ್ತಿದ್ದಳು. ಎಲ್ಕಾನ ಒಳ್ಳೆಯವನೇ. ಹನ್ನಳ ಮೇಲೆ ಪ್ರೀತಿ ಇತ್ತು. ನಾನು ನಿನಗೆ ಹತ್ತು ಮಕ್ಕಳಿಗಿಂತ ಹೆಚ್ಚಲ್ಲವೇ ಎಂದು ಕೇಳಿದ. ಒಳ್ಳೆಯ ಗಂಡ, ದೇವಭಕ್ತ, ಪ್ರೀತಿಸುವವನು. ಆದರೂ ಆ ಮನೆಯಲ್ಲಿ ವರ್ಷ ವರ್ಷವೂ ಒಬ್ಬ ಹೆಂಗಸು ಊಟದ ಮುಂದೆ ಕೂತು ಅಳುತ್ತಿದ್ದಳು. "ನಾವು ಇಬ್ಬರನ್ನೂ ಸಮನಾಗಿ ನೋಡಿಕೊಳ್ಳುತ್ತೇವೆ" ಎಂದು ಯಾರಾದರೂ ಹೇಳಿದರೆ ಈ ಅಧ್ಯಾಯ ಓದಲು ಕೊಡಿ. ಪೆನಿನ್ನಳ ಬಗ್ಗೆಯೂ ಯೋಚಿಸಿ. ಮಕ್ಕಳಿದ್ದೂ ಗಂಡನ ಪ್ರೀತಿ ಸಿಗದವಳು ಆಕೆ. ನಾಳೆ ನಿಮ್ಮ ಮನೆಗೆ ಬರುವ ಎರಡನೇ ಹುಡುಗಿಯ ಗತಿಯೂ ಅದೇ ಆಗಬಹುದು.

ಈಗ ಮೋಶೆಯ ಕಾನೂನಿಗೆ ಬರೋಣ. "ಮೋಶೆ ಒಪ್ಪಿದ" ಎನ್ನುವವರು ತೋರಿಸುವ ಮುಖ್ಯ ವಚನ ವಿಮೋಚನಕಾಂಡ 21:10. ತಂದೆ ಬಡತನಕ್ಕೆ ಮಗಳನ್ನು ಮಾರಿರುತ್ತಾನೆ. ಒಡೆಯ ಆಕೆಯನ್ನು ಹೆಂಡತಿಯಾಗಿ ಇಟ್ಟುಕೊಂಡು, ಆಮೇಲೆ ಇನ್ನೊಬ್ಬಳನ್ನು ತರುತ್ತಾನೆ. ಆಗ ಮೊದಲನೆಯವಳ ಊಟ, ಬಟ್ಟೆ, ದಾಂಪತ್ಯದ ಹಕ್ಕು ಯಾವುದೂ ಕಡಿಮೆಯಾಗಬಾರದು. ಕಡಿಮೆ ಮಾಡಿದರೆ ಆಕೆ ಹಣ ಕೊಡದೆ ಬಿಡುಗಡೆಯಾಗಿ ಹೋಗಬಹುದು. ಧರ್ಮೋಪದೇಶಕಾಂಡ 21:15ರಿಂದ 17 ಕೂಡ ಇದೇ ಜಾತಿಯದು. ಇಬ್ಬರು ಹೆಂಡತಿಯರಲ್ಲಿ ಒಬ್ಬಳ ಮೇಲೆ ಪ್ರೀತಿ ಇಲ್ಲದಿದ್ದರೂ, ಚೊಚ್ಚಲ ಮಗ ಅವಳ ಹೊಟ್ಟೆಯಲ್ಲಿ ಹುಟ್ಟಿದ್ದರೆ ಎರಡು ಪಾಲು ಅವನಿಗೇ ಕೊಡಬೇಕು. ಈ ಎರಡು ಕಾನೂನುಗಳೂ "ಹೋಗಿ ಇನ್ನೊಬ್ಬಳನ್ನು ಮಾಡಿಕೋ" ಎಂದು ಗಂಡಸಿಗೆ ಹೇಳುತ್ತಿಲ್ಲ. ಈಗಾಗಲೇ ಹಿಂದಕ್ಕೆ ತಳ್ಳಲ್ಪಟ್ಟ ಹೆಣ್ಣಿನ ಕಡೆ ನಿಂತು ಮಾತಾಡುತ್ತಿವೆ. ಕಳ್ಳತನ ಮಾಡಿದವನು ಎಷ್ಟು ಹಿಂತಿರುಗಿಸಬೇಕು ಎಂಬ ಕಾನೂನೂ ಅದೇ ವಿಮೋಚನಕಾಂಡದಲ್ಲಿದೆ. ಅದನ್ನು ಓದಿ ಕಳ್ಳತನಕ್ಕೆ ಒಪ್ಪಿಗೆ ಇದೆ ಎಂದು ಯಾರೂ ಹೇಳುವುದಿಲ್ಲ ಅಲ್ವಾ?

ಹಾಗಂತ ಎದುರು ವಾದವನ್ನು ತಳ್ಳಿಹಾಕಿ ಮುಂದೆ ಹೋಗಲಾರೆ. ಕಳ್ಳತನವನ್ನು ಬೈಬಲ್ ಬೇರೆ ಕಡೆ ಸ್ಪಷ್ಟವಾಗಿ ಖಂಡಿಸುತ್ತದೆ, ಬಹುಪತ್ನಿತ್ವವನ್ನು ಹಾಗೆ ಖಂಡಿಸಿಲ್ಲ ಎಂದು ಅವರು ಹೇಳುತ್ತಾರೆ. ಅದು ತೂಕದ ಮಾತೇ. ಮೋಶೆಯ ಕಾನೂನು ಅದನ್ನು ಸಹಿಸಿಕೊಂಡಿತು, ಅದರಲ್ಲಿ ಅನುಮಾನವಿಲ್ಲ. ಸಹಿಸಿಕೊಂಡದ್ದು ದೇವರ ಇಷ್ಟವೇ, ಅಥವಾ ಮನುಷ್ಯರ ಕಲ್ಲುಮನಸ್ಸಿಗೆ ಮಾಡಿದ ಏರ್ಪಾಡೇ ಎನ್ನುವುದು ನಿಜವಾದ ಪ್ರಶ್ನೆ. ಅದಕ್ಕೆ ಯೇಸುವಿನ ಮಾತಿನಲ್ಲಿ ಉತ್ತರ ಸಿಗುತ್ತದೆ. ಅದಕ್ಕೆ ಮುಂಚೆ ದಾವೀದನ ವಚನ ನೋಡಬೇಕು, ಯಾಕೆಂದರೆ ನಿಮ್ಮ ಹಿರಿಯರ ದೊಡ್ಡ ಆಧಾರ ಅದೇ.

2 ಸಮುವೇಲ 12:8. ದಾವೀದನು ಬತ್ಷೆಬೆಯನ್ನು ತೆಗೆದುಕೊಂಡು ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದ ಮೇಲೆ ಪ್ರವಾದಿ ನಾತಾನ ಬಂದು ದೇವರ ಮಾತು ಹೇಳುತ್ತಾನೆ. ನಿನ್ನ ಒಡೆಯನಾದ ಸೌಲನ ಮನೆಯನ್ನೂ ಅವನ ಹೆಂಡತಿಯರನ್ನೂ ನಿನಗೆ ಕೊಟ್ಟೆನಲ್ಲ, ಅದು ಸಾಲದಿದ್ದರೆ ಇನ್ನೂ ಕೊಡುತ್ತಿದ್ದೆ ಎಂಬ ಅರ್ಥದ ಮಾತು. ಆ ಕಾಲದಲ್ಲಿ ಹಳೆಯ ಅರಸನ ಅಂತಃಪುರ ಹೊಸ ಅರಸನ ವಶಕ್ಕೆ ಬರುವುದು ರಾಜ್ಯ ಕೈಬದಲಾಯಿತು ಎಂಬುದರ ಗುರುತು. ದಾವೀದನು ಸೌಲನ ಹೆಂಡತಿಯರನ್ನು ಮದುವೆಯಾದ ಎಂದು ಬೈಬಲ್ ಎಲ್ಲೂ ಹೇಳುವುದಿಲ್ಲ. ಇದು ಒಂದು ಉತ್ತರ.

ನನಗೆ ಇದಕ್ಕಿಂತ ಗಟ್ಟಿಯಾಗಿ ಕಾಣುವುದು ಮೂರು ವಚನ ಕೆಳಗಿದೆ. 12:11ರಲ್ಲಿ ಅದೇ ದೇವರು ದಾವೀದನಿಗೆ, ನಿನ್ನ ಹೆಂಡತಿಯರನ್ನು ನಿನ್ನ ಕಣ್ಣ ಮುಂದೆಯೇ ತೆಗೆದು ಇನ್ನೊಬ್ಬನಿಗೆ ಕೊಡುತ್ತೇನೆ ಎನ್ನುತ್ತಾನೆ. ಅದು ನಡೆದದ್ದು 16ನೇ ಅಧ್ಯಾಯದಲ್ಲಿ. ಮಗ ಅಬ್ಷಾಲೋಮ ತಂದೆಯ ಉಪಪತ್ನಿಯರನ್ನು ಮಾಳಿಗೆಯ ಮೇಲೆ ಗುಡಾರ ಹಾಕಿಸಿ ಎಲ್ಲರೆದುರು ಕೆಡಿಸಿದ. ಎಂಟನೇ ವಚನದ "ಕೊಟ್ಟೆ" ಎನ್ನುವುದು ದೇವರ ಒಪ್ಪಿಗೆಯಾದರೆ ಹನ್ನೊಂದನೇ ವಚನದ "ಕೊಡುತ್ತೇನೆ" ಎನ್ನುವುದೂ ಒಪ್ಪಿಗೆಯಾಗಬೇಕು. ಅಬ್ಷಾಲೋಮ ಮಾಡಿದ್ದನ್ನು ಯಾರು ಒಪ್ಪುತ್ತಾರೆ? ಆ ಹತ್ತು ಹೆಂಗಸರ ಕಥೆ 20:3ರಲ್ಲಿ ಮುಗಿಯುತ್ತದೆ. ದಾವೀದ ಹಿಂದೆ ಬಂದ ಮೇಲೆ ಅವರನ್ನು ಕಾವಲಿನ ಮನೆಯಲ್ಲಿಟ್ಟು ಊಟ ಕೊಟ್ಟ. ಗಂಡ ಬದುಕಿದ್ದೂ ಅವರು ಸಾಯುವವರೆಗೆ ವಿಧವೆಯರಂತೆ ಇದ್ದರು. ದಾವೀದನ ಅಂತಃಪುರದ ಬಗ್ಗೆ ಮಾತಾಡುವವರು ಈ ಒಂದು ವಚನವನ್ನು ದಾಟಿ ಹೋಗಬಾರದು.

ಯೆಹೂದ್ಯರಲ್ಲೇ ಈ ವಿಷಯಕ್ಕೆ ಒಮ್ಮತ ಇರಲಿಲ್ಲ. ಅರಸನು ಹೆಂಡತಿಯರನ್ನು ಹೆಚ್ಚಿಸಿಕೊಳ್ಳಬಾರದು ಎಂದು ಧರ್ಮೋಪದೇಶಕಾಂಡ 17:17ರಲ್ಲಿದೆ. ಸೊಲೊಮೋನನಿಗೆ 700 ಹೆಂಡತಿಯರು, 300 ಉಪಪತ್ನಿಯರು ಇದ್ದರು, ಅವರಿಂದ ಅವನ ಮನಸ್ಸು ದೇವರಿಂದ ತಿರುಗಿತು ಎಂದು ಅರಸುಗಳ ಪುಸ್ತಕ ಹೇಳುತ್ತದೆ. ಆದರೆ "ಹೆಚ್ಚು" ಎಂದರೆ ಎಷ್ಟು? ಯೆಹೂದಿ ಧರ್ಮಗುರುಗಳಾದ ರಬ್ಬಿಗಳ ಕಟ್ಟಳೆಗಳ ಸಂಗ್ರಹ ಮಿಷ್ನಾ, ಅರಸನಿಗೆ 18ರವರೆಗೆ ಇರಬಹುದು ಎಂದಿತು. ಆ ಲೆಕ್ಕ ಬಂದದ್ದು ನಾವು ಈಗ ನೋಡಿದ ನಾತಾನನ ವಚನದಿಂದಲೇ. ದಾವೀದನಿಗೆ ಹೆಬ್ರೋನಿನಲ್ಲಿ ಆರು ಜನ, ದೇವರು ಇನ್ನೂ ಅಷ್ಟು, ಮತ್ತೂ ಅಷ್ಟು ಕೊಡುತ್ತಿದ್ದ, ಹಾಗಾಗಿ ಆರು ಮೂರಲ ಹದಿನೆಂಟು. ಮಿಷ್ನಾಕ್ಕಿಂತ ಮುಂಚೆಯೇ ಬರೆದ, ಮೃತ ಸಮುದ್ರದ ದಡದ ಕುಮ್ರಾನ್‌ನಲ್ಲಿ ಸಿಕ್ಕ ಸುರುಳಿಗಳು ಪೂರ್ತಿ ಬೇರೆ ಮಾತು ಹೇಳುತ್ತವೆ. ಅವುಗಳಲ್ಲಿ ದೇವಾಲಯದ ಸುರುಳಿ ಎಂದು ಕರೆಯುವ ಗ್ರಂಥದಲ್ಲಿ ಅರಸನಿಗೂ ಒಬ್ಬಳೇ, ಆಕೆ ಬದುಕಿರುವವರೆಗೆ ಇನ್ನೊಬ್ಬಳಿಲ್ಲ. ದಮಸ್ಕದ ಗ್ರಂಥ ಎಂಬ ಇನ್ನೊಂದು ಬರಹ ಎರಡು ಹೆಂಡತಿಯರನ್ನು ತೆಗೆದುಕೊಳ್ಳುವವರನ್ನು ಖಂಡಿಸಲು ಮೂರು ಆಧಾರ ಕೊಡುತ್ತದೆ: ದೇವರು ಗಂಡು ಹೆಣ್ಣಾಗಿ ಸೃಷ್ಟಿಸಿದ್ದು, ನೋಹನ ನಾವೆಗೆ ಜೋಡಿ ಜೋಡಿಯಾಗಿ ಹೋದದ್ದು, ಮತ್ತು ಅರಸನ ಬಗ್ಗೆ ಇರುವ ಈ ವಚನ. ಹಾಗಾದರೆ ದಾವೀದ? ಅವನ ಕಾಲದಲ್ಲಿ ಧರ್ಮಶಾಸ್ತ್ರದ ಪುಸ್ತಕ ಮಂಜೂಷದೊಳಗೆ ಮುಚ್ಚಿತ್ತು, ಅವನು ಓದಿರಲಿಲ್ಲ ಎಂದು ಆ ಗ್ರಂಥ ಬರೆದವರು ಉತ್ತರ ಕೊಟ್ಟರು. ಕ್ರಿಸ್ತನಿಗೆ ಮುಂಚೆಯೇ ಜನ ಇದೇ ಪ್ರಶ್ನೆಯಲ್ಲಿ ಒದ್ದಾಡಿದ್ದರು ಎನ್ನಲು ಇದು ಸಾಕ್ಷಿ.

ಒಂದು ಸಾಧಾರಣ ಮನೆಯ ಸಾಕ್ಷಿಯೂ ಇದೆ. 1961ರಲ್ಲಿ ಮೃತ ಸಮುದ್ರದ ಹತ್ತಿರದ ಒಂದು ಗುಹೆಯಲ್ಲಿ ಬಾಬತಾ ಎಂಬ ಯೆಹೂದಿ ಹೆಂಗಸಿನ ಕಾಗದಪತ್ರಗಳ ಕಟ್ಟು ಸಿಕ್ಕಿತು. ಕ್ರಿ.ಶ. 2ನೇ ಶತಮಾನದವಳು. ಆಕೆಯ ಎರಡನೇ ಗಂಡ ಯೆಹೂದನಿಗೆ ಮಿರ್ಯಾಮ್ ಎಂಬ ಇನ್ನೊಬ್ಬ ಹೆಂಡತಿ ಇದ್ದಳು. ಗಂಡ ಸತ್ತ ಮೇಲೆ ಇಬ್ಬರು ಹೆಂಗಸರೂ ಆಸ್ತಿಗಾಗಿ ರೋಮಿನ ಅಧಿಪತಿಯ ತನಕ ಹೋಗುವ ಹಂತಕ್ಕೆ ಬಂದರು. ಅಂದರೆ ಯೇಸು ಓಡಾಡಿದ ನಾಡಿನಲ್ಲಿ ಇಬ್ಬರು ಹೆಂಡತಿಯರ ಮನೆಗಳು ಇನ್ನೂ ಇದ್ದವು. ಯೇಸುವಿನ ಮಾತನ್ನು ಇದನ್ನು ನೆನಪಿಟ್ಟು ಕೇಳಬೇಕು.

ಮತ್ತಾಯ 19ರಲ್ಲಿ ಫರಿಸಾಯರು ಎಂಬ ಯೆಹೂದಿ ಪಂಥದವರು ಕೇಳಿದ್ದು ಹೆಂಡತಿಯನ್ನು ಬಿಡುವ ಬಗ್ಗೆ. ಬಹುಪತ್ನಿತ್ವದ ಬಗ್ಗೆ ಅಲ್ಲ, ಅದು ನಿಜ. ಯೇಸು ಮೋಶೆಯನ್ನು ದಾಟಿ ಆದಿಗೆ ಹೋದ. ಗಂಡು ಹೆಣ್ಣಾಗಿ ಸೃಷ್ಟಿಸಿದ, ಇಬ್ಬರೂ ಒಂದೇ ಶರೀರ ಎಂದ. ಮೋಶೆ ಬಿಟ್ಟುಕೊಟ್ಟದ್ದು ನಿಮ್ಮ ಮೊಂಡುತನ ನೋಡಿ, ಆದಿಯಲ್ಲಿ ಹಾಗಿರಲಿಲ್ಲ ಎಂದ. ಕಾನೂನು ಸಹಿಸಿಕೊಂಡದ್ದೆಲ್ಲ ದೇವರ ಇಷ್ಟ ಎಂದುಕೊಳ್ಳಬಾರದು ಎನ್ನುವುದನ್ನು ಯೇಸುವೇ ಇಲ್ಲಿ ಹೇಳಿಕೊಟ್ಟ ಹಾಗಾಯಿತು. ಮಾರ್ಕ 10:11 ಇನ್ನೂ ಸ್ಪಷ್ಟ. ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ಮದುವೆಯಾದವನು ಆ ಮೊದಲ ಹೆಂಡತಿಗೆ ವಿರೋಧವಾಗಿ ವ್ಯಭಿಚಾರ ಮಾಡಿದ ಹಾಗೆ. ಯೋಚಿಸಿ ನೋಡಿ. ಒಬ್ಬನಿಗೆ ಇಬ್ಬರು ಹೆಂಡತಿಯರು ಇರಬಹುದು ಎಂದಾಗಿದ್ದರೆ ಇನ್ನೊಬ್ಬಳನ್ನು ಮದುವೆಯಾಗುವುದು ವ್ಯಭಿಚಾರ ಹೇಗಾದೀತು? ಈ ಮಾತು ನಿಲ್ಲಬೇಕಾದರೆ ಒಬ್ಬನಿಗೆ ಒಬ್ಬಳೇ ಎಂಬುದು ಅದರ ಅಡಿಯಲ್ಲಿ ಇರಲೇಬೇಕು. ಪೌಲನೂ 1 ಕೊರಿಂಥ 7ರಲ್ಲಿ ಹೆಂಡತಿಯ ದೇಹ ಗಂಡನದು ಎಂದಷ್ಟೇ ನಿಲ್ಲಿಸುವುದಿಲ್ಲ, ಗಂಡನ ದೇಹದ ಮೇಲೆ ಹೆಂಡತಿಗೂ ಹಕ್ಕಿದೆ ಎನ್ನುತ್ತಾನೆ. ಆ ಹಕ್ಕನ್ನು ಮೂರನೆಯವಳ ಜೊತೆ ಹಂಚಲು ಬರುವುದಿಲ್ಲ.

1 ತಿಮೊಥೆ 3:2ರ "ಏಕಪತ್ನಿಯುಳ್ಳವನು" ಎಂಬ ಮಾತನ್ನು ಎರಡೂ ಕಡೆಯವರು ಎಳೆಯುತ್ತಾರೆ. ಸಭಾಧ್ಯಕ್ಷನಿಗೆ ಮಾತ್ರ ಹೀಗೆ ಹೇಳಿದೆ, ಹಾಗಾಗಿ ಉಳಿದ ವಿಶ್ವಾಸಿಗಳಿಗೆ ಜಾಸ್ತಿ ಇರಬಹುದು ಎಂದು ಕೆಲವರು. ಹಳೆಯ ಸಭೆಯ ಬೋಧಕ ಕ್ರಿಸೊಸ್ತಮ್ ಮತ್ತು ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಇದು ಬಹುಪತ್ನಿತ್ವದ ವಿರುದ್ಧವೇ ಎಂದರು. ಹಳೆಯ ಸಭೆಯ ಇನ್ನೊಬ್ಬ ಲೇಖಕ ತೆರ್ತುಲ್ಲಿಯನ್, ಹೆಂಡತಿ ಸತ್ತ ಮೇಲೂ ಮತ್ತೆ ಮದುವೆ ಬೇಡ ಎನ್ನುವವರೆಗೆ ಹೋದ. ಅದೇ ಪತ್ರದ 5:9ರಲ್ಲಿ ವಿಧವೆಯರ ಪಟ್ಟಿಗೆ ಸೇರುವವಳು ಒಬ್ಬನೇ ಗಂಡನಿದ್ದವಳಾಗಿರಬೇಕು ಎಂದಿದೆ. ಒಟ್ಟಿಗೆ ಇಬ್ಬರು ಗಂಡಂದಿರು ಇದ್ದವರು ಅಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಎರಡೂ ಕಡೆ ಮಾತು ದಾಂಪತ್ಯದ ನಿಷ್ಠೆಯ ಬಗ್ಗೆ ಎಂದು ನನಗೆ ಕಾಣುತ್ತದೆ. ನಾಯಕರು ಮಾದರಿಯಾಗಿರಬೇಕು ಎಂದು ಹೇಳಿದ್ದನ್ನು, ಉಳಿದವರು ಏನು ಬೇಕಾದರೂ ಮಾಡಬಹುದು ಎಂದು ಓದುವುದು ಸರಿಯಲ್ಲ. ಅದೇ ವಚನದಲ್ಲಿ ಜಿತೇಂದ್ರಿಯನಾಗಿರಬೇಕು ಎಂದೂ ಇದೆ. ಅದು ಸಭಾಧ್ಯಕ್ಷನೊಬ್ಬನಿಗೇ ಸೇರಿದ್ದೇ?

ಆಮೇಲಿನ ಚರಿತ್ರೆ ಉದ್ದವಾದದ್ದು. ನಿಮಗೆ ಬೇಕಾದಷ್ಟು ಹೇಳುತ್ತೇನೆ. ಉತ್ತರ ಆಫ್ರಿಕದ ಬಿಷಪ್ ಆಗಸ್ಟೀನ್ ಕ್ರಿ.ಶ. 401ರ ಸುಮಾರಿಗೆ ದಾಂಪತ್ಯದ ಬಗ್ಗೆ ಬರೆದಾಗ, ಪಿತೃಗಳು ಪಾಪ ಮಾಡಿದರು ಎಂದು ಹೇಳಲಿಲ್ಲ. ಅದು ಅವರ ಕಾಲದ ವಾಡಿಕೆ, ಸಂತಾನಕ್ಕಾಗಿ ಮಾಡಿದರು ಎಂದ. ಆದರೆ ಈಗ ಅದು ಸಲ್ಲದು ಎಂದ. ಮಕ್ಕಳಾಗಲಿಲ್ಲ ಎಂಬ ಕಾರಣಕ್ಕೂ ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ಸೇರುವಂತಿಲ್ಲ ಎಂದು ನಿಮ್ಮ ಪ್ರಶ್ನೆಗೇ ಬರೆದ ಹಾಗೆ ಬರೆದಿದ್ದಾನೆ. 1563ರಲ್ಲಿ ಟ್ರೆಂಟ್ ಮಹಾಸಭೆ ಕಥೋಲಿಕರಿಗೆ ಇದನ್ನು ಕಟ್ಟಳೆಯಾಗಿ ನಿಲ್ಲಿಸಿತು. ಪ್ರಾಟೆಸ್ಟೆಂಟರ ಕಡೆ ಒಂದು ಕಹಿ ಅಧ್ಯಾಯ ಇದೆ. ಜರ್ಮನಿಯ ಹೆಸ್ಸೆಯ ದೊರೆ ಫಿಲಿಪ್, ಹೆಂಡತಿ ಕ್ರಿಸ್ಟೀನ ಇರುವಾಗಲೇ ಇನ್ನೊಂದು ಮದುವೆಗೆ ಪ್ರಾಟೆಸ್ಟೆಂಟ್ ನಾಯಕರಾದ ಲೂಥರ್ ಮತ್ತು ಮೆಲಂಕ್ತನರ ಒಪ್ಪಿಗೆ ಕೇಳಿದ. 1539ರ ಡಿಸೆಂಬರಿನಲ್ಲಿ ಅವರು ಗುಟ್ಟಾಗಿಡುವ ಷರತ್ತಿನ ಮೇಲೆ ಒಪ್ಪಿದರು. ಪಿತೃಗಳ ಉದಾಹರಣೆಯೇ ಅವರಿಗೂ ಆಧಾರ. ಮದುವೆ 1540ರ ಮಾರ್ಚಿನಲ್ಲಿ ನಡೆಯಿತು, ಗುಟ್ಟು ಬಯಲಾಯಿತು. ಆಗ ಲೂಥರ್ ಸುಳ್ಳು ಹೇಳಿ ಮುಚ್ಚಿಡಿ ಎಂದು ಸಲಹೆ ಕೊಡುವ ಸ್ಥಿತಿಗೆ ಬಂದ. ದೊಡ್ಡ ದೇವಜ್ಞಾನಿಗಳೂ ಅಬ್ರಹಾಮನನ್ನು ಹಿಡಿದುಕೊಂಡು ಎಲ್ಲಿಗೆ ಹೋಗಿ ನಿಂತರು ನೋಡಿ. ಆಮೇಲೆ 19ನೇ ಶತಮಾನದಲ್ಲಿ ಅಮೆರಿಕದ ಮಾರ್ಮನ್ ಎಂಬ ಪಂಥದವರು ಇದೇ ಪಿತೃಗಳನ್ನು ತೋರಿಸಿ ಬಹುಪತ್ನಿತ್ವ ನಡೆಸಿದರು. 1879ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದು ಧಾರ್ಮಿಕ ಸ್ವಾತಂತ್ರ್ಯದಲ್ಲಿ ಬರುವುದಿಲ್ಲ ಎಂದಿತು, 1890ರಲ್ಲಿ ಅವರ ಮುಖ್ಯ ಸಭೆಯೇ ಬಿಡುವುದಾಗಿ ಘೋಷಿಸಿತು.

ಆಫ್ರಿಕದ ಅನುಭವವನ್ನು ಮಾತ್ರ ಬಿಡಿಸಿ ಹೇಳಬೇಕು, ಯಾಕೆಂದರೆ ಅಲ್ಲಿ ಪ್ರಶ್ನೆ ನಿಜಕ್ಕೂ ಕಠಿಣ. ಈಗಾಗಲೇ ಮೂವರು ಹೆಂಡತಿಯರು, ಅವರ ಮಕ್ಕಳು ಇರುವ ಒಬ್ಬ ಕ್ರಿಸ್ತನನ್ನು ನಂಬುತ್ತಾನೆ. ದೀಕ್ಷಾಸ್ನಾನ ಕೊಡಬೇಕೇ? ಬಹಳ ಮಿಷನರಿಗಳು, ಒಬ್ಬಳನ್ನು ಇಟ್ಟುಕೊಂಡು ಉಳಿದವರನ್ನು ಕಳಿಸು ಎಂದರು. ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದ ಬಿಷಪ್ ಕೊಲೆನ್ಸೊ 1850ರ ದಶಕದಲ್ಲೇ ಇದು ಅನ್ಯಾಯ ಎಂದು ಎದ್ದುನಿಂತ. ನಿಯತ್ತಾಗಿ ಮದುವೆಯಾಗಿ ಬಂದ ಹೆಂಗಸನ್ನು ಬೀದಿಗೆ ಹಾಕಿ ಸಭೆಗೆ ಬಾ ಎಂದು ಹೇಳುವುದು ಯಾವ ಸುವಾರ್ತೆ ಎಂಬುದು ಅವನ ವಾದ. 1888ರ ಲ್ಯಾಂಬೆತ್ ಸಮ್ಮೇಳನದಲ್ಲಿ ಆಂಗ್ಲಿಕನ್ ಬಿಷಪ್ಪರು, ಬಹುಪತ್ನಿತ್ವದಲ್ಲಿರುವ ಗಂಡಸಿಗೆ ದೀಕ್ಷಾಸ್ನಾನ ಬೇಡ ಎಂದು ತೀರ್ಮಾನಿಸಿದರು. ಸರಿಯಾಗಿ ನೂರು ವರ್ಷದ ನಂತರ, 1988ರಲ್ಲಿ, ಅದೇ ಸಮ್ಮೇಳನ ನಿಲುವು ಬದಲಾಯಿಸಿತು. ಒಬ್ಬನಿಗೆ ಒಬ್ಬಳು ಎಂಬುದೇ ದೇವರ ಯೋಜನೆ ಎಂದು ಮತ್ತೆ ಹೇಳಿತು. ಆದರೆ ಅಂಥವನಿಗೆ, ನಂಬಿದ ಹೆಂಡತಿ ಮಕ್ಕಳೊಂದಿಗೆ, ದೀಕ್ಷಾಸ್ನಾನ ಕೊಡಬಹುದು ಎಂದಿತು. ಅವನು ಇನ್ನು ಮುಂದೆ ಯಾರನ್ನೂ ಮದುವೆಯಾಗುವುದಿಲ್ಲ ಎಂದು ಮಾತು ಕೊಡಬೇಕು, ಸ್ಥಳೀಯ ಸಭೆ ಒಪ್ಪಬೇಕು. ಇರುವ ಹೆಂಡತಿಯರನ್ನು ಬಿಡು ಎಂದು ಒತ್ತಾಯಿಸಬಾರದು, ಯಾಕೆಂದರೆ ಬೀದಿಪಾಲಾಗುವವರು ಅವರು. ವಿಮೋಚನಕಾಂಡ 21:10ರ ಊಟ, ಬಟ್ಟೆ, ಹಕ್ಕು ಇಲ್ಲಿ ಮತ್ತೆ ಕೇಳಿಸುತ್ತದೆ.

ಈ ನಿಲುವು ಸರಿ ಎಂದು ನಾನು ನಂಬುತ್ತೇನೆ. ಇದನ್ನೇ ನಿಮ್ಮ ಹಿರಿಯರು ನಾಳೆ "ನೋಡಿ, ಬಿಷಪ್ಪರೇ ಒಪ್ಪಿದ್ದಾರೆ" ಎಂದು ತೋರಿಸಬಹುದು. ಅದಕ್ಕೆ ಉತ್ತರ ಸುಲಭ. ಅಲ್ಲಿನ ಪ್ರಶ್ನೆ, ಮೊದಲೇ ಮನೆಯಲ್ಲಿರುವ ಹೆಂಗಸರನ್ನು ಹೊರಗೆ ಹಾಕದಿರುವುದು ಹೇಗೆ ಎಂಬುದು. ನಿಮ್ಮ ಮನೆಯಲ್ಲಿ ಎದ್ದಿರುವುದು, ಈಗಾಗಲೇ ವಿಶ್ವಾಸಿಯಾದವನು, ದೇವರ ಮುಂದೆ ಒಬ್ಬಳಿಗೆ ಮಾತು ಕೊಟ್ಟವನು, ಹೊಸದಾಗಿ ಇನ್ನೊಬ್ಬಳನ್ನು ತರಬಹುದೇ ಎಂಬುದು. ಲ್ಯಾಂಬೆತ್ ಅದಕ್ಕೆ ಬಾಗಿಲು ಮುಚ್ಚಿಯೇ ಇಟ್ಟಿದೆ.

ಕಾನೂನಿನ ಉತ್ತರ ಚಿಕ್ಕದು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 60ನೇ ಸೆಕ್ಷನ್ ಭಾರತೀಯ ಕ್ರೈಸ್ತರ ಮದುವೆಗೆ ಇಡುವ ಷರತ್ತುಗಳಲ್ಲಿ ಒಂದು, ಇಬ್ಬರಲ್ಲಿ ಯಾರಿಗೂ ಬದುಕಿರುವ ಗಂಡ ಅಥವಾ ಹೆಂಡತಿ ಇರಬಾರದು ಎಂಬುದು. ಇದ್ದೂ ಮದುವೆಯಾದರೆ ಅದು ಮದುವೆಯೇ ಅಲ್ಲ. 1869ರ ವಿಚ್ಛೇದನ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕೋರ್ಟು ಅದನ್ನು ಅನೂರ್ಜಿತ ಎಂದು ಘೋಷಿಸಬಹುದು. ಅದು ಅಪರಾಧವೂ ಹೌದು. ಮೊದಲು ದಂಡ ಸಂಹಿತೆಯ 494ನೇ ಸೆಕ್ಷನ್ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಬಂದಿದೆ. 7 ವರ್ಷದವರೆಗೆ ಜೈಲು ಮತ್ತು ದಂಡ. ಮೊದಲ ಮದುವೆ ಮುಚ್ಚಿಟ್ಟು ಮಾಡಿಕೊಂಡಿದ್ದರೆ 10 ವರ್ಷದವರೆಗೆ. ಇಂಥ ಮದುವೆ ಮಾಡಿಸಲು ಮುಂದೆ ನಿಂತವರೂ ಕುಮ್ಮಕ್ಕು ಕೊಟ್ಟ ಆರೋಪಕ್ಕೆ ಗುರಿಯಾಗಬಹುದು ಎಂದು ಆ ಹಿರಿಯರಿಗೆ ತಿಳಿಸಿ. ಹೆಂಡತಿ ಸಹಿ ಮಾಡಿಕೊಟ್ಟರೆ ಸಾಕು ಎಂಬ ಮಾತು ಕೆಲವು ಕಡೆ ಕೇಳಿಬರುತ್ತದೆ. ಅದು ಸುಳ್ಳು. ನಿಮ್ಮ ಒಪ್ಪಿಗೆ ಪತ್ರದಿಂದ ಆ ಮದುವೆ ಸಿಂಧುವಾಗುವುದಿಲ್ಲ. ಅಂಥ ಕಾಗದಕ್ಕೆ ಯಾರು ಎಷ್ಟು ಒತ್ತಾಯಿಸಿದರೂ ಸಹಿ ಹಾಕಬೇಡಿ. ಆ ಎರಡನೇ ಹುಡುಗಿಗೂ ಹೆಂಡತಿಯ ಸ್ಥಾನ ಸಿಗುವುದಿಲ್ಲ. ಅವಳ ತಂದೆ ತಾಯಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ನೀವಿಬ್ಬರೂ ಒಟ್ಟಿಗೆ ಹೋಗಿ ತಪಾಸಣೆ ಮಾಡಿಸಿಕೊಂಡಿದ್ದೀರಾ ಎಂದು ಪತ್ರದಲ್ಲಿ ಬರೆದಿಲ್ಲ. ಮಾಡಿಸಿಲ್ಲವಾದರೆ ಮಾಡಿಸಿ. ಕಾರಣ ಗಂಡಿನಲ್ಲೂ ಇರಬಹುದು, ಆಗ ಎಷ್ಟು ಮದುವೆಯಾದರೂ ಪ್ರಯೋಜನವಿಲ್ಲ. ದತ್ತು ತೆಗೆದುಕೊಳ್ಳುವ ಮನಸ್ಸಿದ್ದರೆ 2015ರ ಬಾಲನ್ಯಾಯ ಕಾಯ್ದೆಯ ಅಡಿಯಲ್ಲಿ ಕ್ರೈಸ್ತರೂ ಪೂರ್ಣ ಹಕ್ಕಿನ ತಂದೆ ತಾಯಿಯಾಗಬಹುದು. ಅರ್ಜಿಯನ್ನು ಕೇಂದ್ರ ದತ್ತು ಪ್ರಾಧಿಕಾರದ ಜಾಲತಾಣದಲ್ಲಿ ಹಾಕಬೇಕು, ಮಧ್ಯವರ್ತಿಗಳ ಹತ್ತಿರ ಹೋಗಬೇಡಿ. ಆ ಹಿರಿಯರ ಜೊತೆ ಮಾತಾಡುವಾಗ ನಿಮ್ಮ ಯಜಮಾನರೇ ಮುಂದೆ ನಿಲ್ಲಲಿ. ಈ ಮಾತನ್ನು ನೀವೊಬ್ಬರೇ ಎದುರಿಸುವ ಹಾಗೆ ಆಗಬಾರದು. ಪಾಸ್ಟರ್ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಆದಿಕಾಂಡ 16, 21 ಮತ್ತು 25 ಮೂರನ್ನೂ ಪೂರ್ತಿ ಓದಿದ ಮೇಲೆ ಮಾತು ಶುರು ಮಾಡಲಿ.